ಎರಡು ತೂತಿನ ಗ್ರೈಂಡರ್

"ನಾಲ್ಕು ಕಾಲಿಗೆ ನಾಲ್ಕು ಗುರುತು, ಸರಿ," ಎಂದರು ಓಂಕಾರಪ್ಪ. "ಈ ಐದನೆಯದು ಯಾವುದರದು?"

ಭದ್ರಾವತಿ ನ್ಯೂ ಟೌನಿನ ಹಳೆಯ ಕ್ವಾರ್ಟರ್ಸೊಂದರ ಅಡುಗೆಮನೆಯಲ್ಲಿ ಅವರು ಕುಕ್ಕರಗಾಲಲ್ಲಿ ಕೂತಿದ್ದರು. ಎದುರಿಗೆ ಕೆಂಪು ಗಾರೆಯ ಖಾಲಿ ಜಾಗ. ದೊಡ್ಡ ಗ್ರೈಂಡರ್ ನಿಂತಿದ್ದ ಕಡೆ ತುಕ್ಕಿನ ನಾಲ್ಕು ಚೌಕ ಕಲೆ. ಅಲ್ಲಿಂದ ಒಂದು ಗೇಣು ಬಲಕ್ಕೆ ಹುಣಸೆಬೀಜದಷ್ಟು ಚಿಕ್ಕ ಗುಂಡಿ, ಅದರ ಪಕ್ಕದ ನೆಲ ಮಾತ್ರ ಯಾರದೋ ಹಿಮ್ಮಡಿ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು.

"ಹಳೇ ನೆಲ ಅಲ್ವಾ ಸಾರ್, ಎಲ್ಲೆಲ್ಲೋ ಸವೆದಿರುತ್ತೆ," ಎಂದರು ಸಾವಿತ್ರಮ್ಮ.

ಸೊಸೆ ಮೋನಿಕಾ ನಲ್ಲಿಯ ಕಡೆ ತಿರುಗಿ, ಆಗಲೇ ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆಯತೊಡಗಿದಳು.

ಹದಿನೈದು ದಿನದ ಹಿಂದೆ, 'ಮನೆತುಂಬ ಎಂಟರ್‌ಪ್ರೈಸಸ್' ಎಂದು ಬರೆದ ಟೀ ಶರ್ಟು ತೊಟ್ಟ ಇಬ್ಬರು ಸರ್ವಿಸ್ಸಿಗೆಂದು ಒಯ್ದ ಗ್ರೈಂಡರ್ ವಾಪಸು ಬಂದಿರಲಿಲ್ಲ. ನಾವು ಯಾರನ್ನೂ ಕಳಿಸಿಲ್ಲ, ಬಾಡಿಗೆಗೆ ಕೊಟ್ಟ ಯಂತ್ರವನ್ನು ಸಾವಿತ್ರಮ್ಮನೇ ಮಾರಿಕೊಂಡಿದ್ದಾರೆ ಎಂದು ಶಿವಮೊಗ್ಗದ ಆ ಕಂಪನಿ ಪೊಲೀಸರಿಗೆ ದೂರು ಕೊಟ್ಟಿತ್ತು. ಬರುವ ಸೋಮವಾರದೊಳಗೆ ಯಂತ್ರ ಎಲ್ಲಿದೆ ಎಂದು ತೋರಿಸದಿದ್ದರೆ ನಂಬಿಕೆದ್ರೋಹದ ಕೇಸು ಹಾಕಬೇಕಾಗುತ್ತೆ ಎಂದು ಠಾಣೆಯಿಂದ ಹೇಳಿ ಕಳಿಸಿದ್ದರು. ಸಾವಿತ್ರಮ್ಮನಿಗೆ ಅರವತ್ತು ದಾಟಿದೆ. ಕಳ್ಳಿ ಅನ್ನಿಸಿಕೊಂಡು ಬದುಕುವ ವಯಸ್ಸಲ್ಲ ಅದು.

'ಬಾಡಿಗೆ ಕಟ್ಟಿ, ಒಡೆಯರಾಗಿ' ಅಂತ ಕಂಪನಿಯ ಬೋರ್ಡು. ಬ್ಯಾಂಕಿನ ಸಾಲ ಬೇಡ, ಸಂಬಳದ ಚೀಟಿ ಬೇಡ. ಎರಡು ವರ್ಷ ತಿಂಗಳು ತಿಂಗಳೂ ತಪ್ಪದೆ ಕಟ್ಟಿದರೆ ವಸ್ತು ನಿಮ್ಮದು. ಅಲ್ಲಿಯ ತನಕ ಅವರದು. ಕೊನೆಯ ತಿಂಗಳಲ್ಲಿ ಮುಗ್ಗರಿಸಿದರೂ ಅವರದೇ, ಕಟ್ಟಿದ್ದೆಲ್ಲ ಬರೀ ಬಾಡಿಗೆ. ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲದವರಿಗೆ ಬೇರೆ ದಾರಿಯೂ ಇಲ್ಲ. ಸಾವಿತ್ರಮ್ಮ ದೋಸೆ ಹಿಟ್ಟು ರುಬ್ಬಿ ಮಾರಿ ಆ ಬಾಡಿಗೆ ಕಟ್ಟುತ್ತ ಬಂದವರು. ಇನ್ನು ಎರಡೇ ಕಂತು ಬಾಕಿಯಿತ್ತು.

ಬೀದಿಯವರ ಅನುಮಾನ ಇದ್ದದ್ದು ಮಗ ದುಶ್ಯಂತನ ಮೇಲೆ. ಅವನಿಗೊಂದು ಲಗೇಜ್ ಆಟೋ ಇದೆ, ಅಮ್ಮನ ಗ್ರೈಂಡರ್ ಸಾಗಿಸಿ ಮಾರುವುದು ಅವನಿಗೆ ಕಷ್ಟವಲ್ಲ ಎಂಬ ಲೆಕ್ಕ. ಓಂಕಾರಪ್ಪ ಅದನ್ನು ಮೊದಲ ದಿನವೇ ವಿಚಾರಿಸಿ ಮುಗಿಸಿದ್ದರು. ಯಂತ್ರ ಹೋದ ದಿನ ಅವನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಹುಲ್ಲಿನ ಲೋಡು ಇಳಿಸಲು ಹೋಗಿದ್ದ. ಮಾವುತರಿಗೆ ಅವನ ನೆನಪು ಚೆನ್ನಾಗಿಯೇ ಇತ್ತು. ಮರಿಯಾನೆಯ ಜೊತೆ ಫೋಟೋ ತೆಗೆಸಿಕೊಳ್ಳುತ್ತ ಮಧ್ಯಾಹ್ನವಿಡೀ ಅಲ್ಲೇ ಅಡ್ಡಾಡಿ, ಕೊನೆಗೆ ಬೈಸಿಕೊಂಡು ಹೊರಟವನು ಅವನು.

ಓಂಕಾರಪ್ಪ ಮೂವತ್ತು ವರ್ಷ ಶಿವಮೊಗ್ಗದ ಕೋರ್ಟಿನಲ್ಲಿ ಅಮೀನರಾಗಿದ್ದವರು. ಡಿಕ್ರಿ ಹಿಡಿದು ಹೋಗಿ ಮನೆಸಾಮಾನು ಜಪ್ತಿ ಮಾಡುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯ ಮೇಲೆ ವಕೀಲೆ ಸುಮನಾ ಅವರಿಗಾಗಿ ಇಂಥ ಕೇಸುಗಳ ಬೆನ್ನು ಹತ್ತುತ್ತಾರೆ. ಸಾಮಾನು ಕಳೆದುಕೊಂಡ ಮನೆಯವರು ಬಾಗಿಲ ಕಡೆ ನೋಡುತ್ತಾರೆ, ಸಾಮಾನಿನ ಗುಟ್ಟು ಇಟ್ಟುಕೊಂಡ ಮನೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂಬುದು ಅವರ ಅನುಭವ. ಈ ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡದ್ದು ಇದು ಮೂರನೆಯ ಸಲ.

ಅವರು ಮಂಡಿ ಹಿಡಿದು ನಿಧಾನವಾಗಿ ಎದ್ದು, ಸ್ಟೂಲು ಎಳೆದುಕೊಂಡು ಕೂತು, ಕಾಫಿ ಕೇಳಿದರು. ಅರ್ಧ ಲೋಟ ಕುಡಿದ ಮೇಲೆ ಹೇಳಿದರು:

"ಸಾವಿತ್ರಮ್ಮ, ನಾನು ಕಂಪನಿಯವನೂ ಅಲ್ಲ, ಪೊಲೀಸೂ ಅಲ್ಲ. ಹೊಟ್ಟೆನೋವು ಮುಚ್ಚಿಟ್ಟು ತಲೆನೋವಿನ ಮಾತ್ರೆ ಕೇಳಿದರೆ ಯಾವ ಡಾಕ್ಟ್ರು ತಾನೇ ಏನು ಮಾಡ್ತಾರೆ? ಇಲ್ಲಿ ಏನಿತ್ತು ಹೇಳಿ."

"ತೋರಿಸಿಬಿಡಿ ಅತ್ತೆ," ಎಂದಳು ಮೋನಿಕಾ, ನಲ್ಲಿ ನಿಲ್ಲಿಸಿ.

ಸಾವಿತ್ರಮ್ಮ ಅಕ್ಕಿ ಡ್ರಮ್ಮಿನ ಹಿಂದೆ ಕೈಹಾಕಿ, ಹಳೆಯ ದಿಂಬಿನ ಕವರಿನಲ್ಲಿ ಸುತ್ತಿದ್ದ ಭಾರದ ವಸ್ತುವೊಂದನ್ನು ಹೊರಗೆಳೆದರು. ಎಡಗೈಯಲ್ಲೇ ಎಳೆದರು. ಬಲಗೈ ಭುಜದಿಂದ ಮೇಲೆ ಏಳಲಿಲ್ಲ.

ಕಬ್ಬಿಣದ ಪೆಡಲು ಅದು. ಉದ್ದ ಸರಳು, ತುದಿಗೆ ಪಾದ ಇಡುವಷ್ಟು ಅಗಲದ ತಗಡು. ಜೊತೆಗೆ ಗ್ರೀಸು ಹಚ್ಚಿ ಬಟ್ಟೆ ಸುತ್ತಿಟ್ಟ ಎರಡು ಬೋಲ್ಟು.

ಆಮೇಲೆ ಮಾತು ತಾನಾಗಿ ಬಂತು. ಹಿಟ್ಟು ರುಬ್ಬಿಯಾದ ಮೇಲೆ ಆ ಗ್ರೈಂಡರಿನ ಡ್ರಮ್ಮನ್ನು ಹಿಡಿ ಎಳೆದು ಬಗ್ಗಿಸಿ ಪಾತ್ರೆಗೆ ಸುರಿಯಬೇಕು. ಹಿಟ್ಟಿನ ಭಾರ, ಕಲ್ಲುಗಳ ಭಾರ, ಎಲ್ಲ ಭುಜದ ಮೇಲೆ. ಕೆಲವೇ ತಿಂಗಳಲ್ಲಿ ಸಾವಿತ್ರಮ್ಮನಿಗೆ ತಲೆ ಬಾಚಿಕೊಳ್ಳಲೂ ಆಗದ ಸ್ಥಿತಿ. ಗಂಡ ಹೊನ್ನಯ್ಯ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. ಒಂದು ವಾರ ಏನೂ ಹೇಳದೆ ನೋಡಿದರು. ಆಮೇಲೆ ಎಲ್ಲಿಂದಲೋ ಹಳೇ ಕಬ್ಬಿಣ ತಂದು, ಗ್ರೈಂಡರಿನ ಸ್ಟ್ಯಾಂಡಿಗೆ ಎರಡು ತೂತು ಕೊರೆದು, ಈ ಪೆಡಲು ಕೂರಿಸಿದರು. ಅವತ್ತಿನಿಂದ ಕಾಲಲ್ಲಿ ಒತ್ತಿದರೆ ಸಾಕು, ಹಸು ಕತ್ತು ಬಗ್ಗಿಸಿದ ಹಾಗೆ ಡ್ರಮ್ಮು ಬಗ್ಗುತ್ತಿತ್ತು.

ಭದ್ರಾವತಿಯ ಕಾರ್ಖಾನೆ ಮನೆಗಳಲ್ಲಿ ಯಾವ ವಸ್ತುವೂ ಅಂಗಡಿಯಿಂದ ಬಂದ ಹಾಗೇ ಉಳಿಯುವುದಿಲ್ಲ. ಕಪಾಟಿಗೆ ಚಕ್ರ, ಗೇಟಿಗೆ ಸ್ಪ್ರಿಂಗು, ಮಕ್ಕಳ ಸೈಕಲ್ಲಿಗೆ ಇನ್ನೊಂದು ಸೀಟು. ಜೀವಮಾನವೆಲ್ಲ ಕಬ್ಬಿಣ ಹಿಡಿದ ಕೈ, ಕಬ್ಬಿಣ ಕಂಡರೆ ಸುಮ್ಮನಿರುವುದಿಲ್ಲ. ವಸ್ತು ಸ್ವಂತದ್ದೋ ಬಾಡಿಗೆಯದೋ ಎಂದು ಆ ಕೈ ಕೇಳುವುದೂ ಇಲ್ಲ.

ಆದರೆ ಕರಾರು ಕೇಳುತ್ತಿತ್ತು. ವಸ್ತುವಿನಲ್ಲಿ ಯಾವುದೇ ಬದಲಾವಣೆ ಮಾಡಿದರೆ ಕರಾರು ಅಲ್ಲಿಗೇ ರದ್ದು, ಕಟ್ಟಿದ ಹಣ ಕಂಪನಿಗೆ ಎಂದು ಅದರಲ್ಲಿ ಬರೆದಿತ್ತು. ಹೀಗಾಗಿ, ನಾಳೆ ಸರ್ವಿಸ್ಸಿಗೆ ಬರುತ್ತಾರಂತೆ, ಫೋನ್ ಬಂದಿತ್ತು ಎಂದು ಹೊನ್ನಯ್ಯ ಹೇಳಿದಾಗ ಮನೆಯವರೆಲ್ಲ ಸೇರಿ ಪೆಡಲು ಬಿಚ್ಚಿದ್ದರು. ತೂತುಗಳಿಗೆ ಎಂ-ಸೀಲು ತುಂಬಿ, ಮೇಲೆ ಬೆಳ್ಳಿ ಬಣ್ಣ ಬಳಿದಿದ್ದರು. ಮರುದಿನ ಬಂದವರಿಗೆ ಮೋನಿಕಾಳೇ ಒಂದು ಕಡೆ ಕೈಕೊಟ್ಟು ಯಂತ್ರ ಎತ್ತಿಸಿದ್ದಳು. ರಸೀದಿ ಕೇಳಿದ್ದಕ್ಕೆ, ಎರಡು ದಿನದಲ್ಲಿ ವಾಪಸ್ ತರ್ತೀವಲ್ಲ ಅಕ್ಕ ಎಂದಿದ್ದರಂತೆ.

"ಕೆಟ್ಟರೆ ರಿಪೇರಿ ಖರ್ಚು ನಮ್ಮದಂತೆ. ಕಳೆದುಹೋದರೆ ಬೆಲೆ ಕಟ್ಟಿಕೊಡೋದೂ ನಾವೇ ಅಂತೆ," ಎಂದರು ಸಾವಿತ್ರಮ್ಮ. "ಎರಡು ತೂತು ಕೊರೆದಾಗ ಮಾತ್ರ ಯಂತ್ರ ಅವರದಾಗಿಬಿಡುತ್ತೆ. ಇದು ಯಾವ ಲೆಕ್ಕ ಸಾರ್?"

ಓಂಕಾರಪ್ಪ ಬೋಲ್ಟೊಂದನ್ನು ಹಿಡಿದು ಹೊರಗೆ ಬಂದರು.

ಜಗಲಿಯಲ್ಲಿ ಹೊನ್ನಯ್ಯ ತುಕ್ಕು ಹಿಡಿದ ಬಾಗಿಲ ತಿರುಗಣಿಯೊಂದಕ್ಕೆ ಅರ ಉಜ್ಜುತ್ತಿದ್ದರು. ಒಳಗಿನ ಮಾತೆಲ್ಲ ಕೇಳಿಸಿತ್ತು, ಆದರೂ ತಲೆಯೆತ್ತಲಿಲ್ಲ. ಇಂಥ ಗ್ರೈಂಡರು ಊರಲ್ಲಿ ನೂರಿರಬಹುದು, ನಿಮ್ಮ ತೂತು ಯಾವುದು ಅಂತ ನಾನು ಹೇಗೆ ಗುರುತು ಹಿಡಿಯಲಿ ಎಂದು ಓಂಕಾರಪ್ಪ ಕೇಳಿದರು.

ಆಗ ಆ ಮುಖದಲ್ಲಿ ಸ್ವಲ್ಪ ಬೆಳಕು ಬಂತು. "ಅದು ಉಲ್ಟಾ ಥ್ರೆಡ್ ಸಾರ್. ಪೆಡಲು ಒತ್ತಿ ಒತ್ತಿ ಸಡಿಲ ಆಗಬಾರದಲ್ಲ, ಅದಕ್ಕೆ. ಎಲ್ಲಾ ಬೋಲ್ಟು ಬಲಕ್ಕೆ ತಿರುಗಿಸಿದರೆ ಹತ್ತುತ್ತೆ, ಇದು ಎಡಕ್ಕೆ. ಬೇರೆ ಬೋಲ್ಟು ಅದರೊಳಗೆ ಹೋಗೋದೇ ಇಲ್ಲ."

ಓಂಕಾರಪ್ಪ ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಹೊನ್ನಯ್ಯ ಹಿಂದಿನಿಂದ ಕೇಳಿದರು, "ಯಂತ್ರ ಸಿಕ್ಕರೆ ಅದನ್ನ ಮನೆಗೇ ತರಬೇಕಾಗುತ್ತಾ ಸಾರ್?"

ಕೇಸಿನ ಹೆದರಿಕೆಗೆ ಕೇಳುತ್ತಿದ್ದಾರೆ ಎಂದುಕೊಂಡು ಓಂಕಾರಪ್ಪ, ಮೊದಲು ಸಿಗಲಿ ಯಜಮಾನ್ರೇ ಎಂದಷ್ಟೇ ಹೇಳಿದರು.

ಶಿವಮೊಗ್ಗದ ಬಸ್ಸಿನಲ್ಲಿ ಕೂತು ಸುಮನಾಗೆ ಫೋನು ಮಾಡಿ ಎಲ್ಲ ಹೇಳಿದರು. ಅಂಕಲ್, ಸರಿಯಾದ ಇಕ್ಕಟ್ಟಿದು ಎಂದಳು ಅವಳು. ಕಂತಿನ ಮೇಲೆ ವಸ್ತು ಕೊಡುವ ವ್ಯವಹಾರಕ್ಕೆಂದೇ ಹಿಂದೆ ಒಂದು ಕಾನೂನು ಬರೆದಿದ್ದರಂತೆ. ಬರೆದವರು ಜಾರಿಗೆ ತರಲಿಲ್ಲ, ಮೂವತ್ತು ವರ್ಷ ಹಾಗೇ ಇಟ್ಟು ಕೊನೆಗೆ ರದ್ದು ಮಾಡಿದರಂತೆ. ಈಗ ಎಲ್ಲ ಕರಾರಿನ ಮೇಲೆ ನಿಂತಿದೆ, ಕರಾರು ಬರೆಯುವವರು ಕಂಪನಿಯವರೇ. ಇದು ಬಾಡಿಗೆಯೋ ಮಾರಾಟವೋ ಎಂದು ಗ್ರಾಹಕರ ಆಯೋಗದಲ್ಲಿ ವಾದ ಮಾಡಬಹುದು, ಮಾಡುತ್ತೇನೆ, ಆದರೆ ಅದು ಸೋಮವಾರದೊಳಗೆ ಮುಗಿಯುವ ಮಾತಲ್ಲ ಎಂದಳು.

"ಇದು ನಮ್ಮದೇ ಯಂತ್ರ ಅಂತ ತೋರಿಸಬೇಕಾದರೆ ಆ ತೂತೇ ಸಾಕ್ಷಿ. ಆದರೆ ತೂತು ತೋರಿಸಿದರೆ ಕರಾರು ಮುರಿದೆವು ಅಂತ ನಾವೇ ಒಪ್ಪಿಕೊಂಡ ಹಾಗೆ," ಎಂದಳು. "ಬೇರೆ ಗುರುತು ಏನಾದರೂ ಇದೆಯಾ?"

"ಇಲ್ಲ," ಎಂದರು ಓಂಕಾರಪ್ಪ. "ಯಂತ್ರವೇ ಇಲ್ಲ ಇನ್ನೂ."

ಯಂತ್ರ ಎಲ್ಲಿರಬಹುದು ಎಂಬುದಕ್ಕೆ ಅವರ ಯೋಚನೆ ಸರಳವಾಗಿತ್ತು. ಅಷ್ಟು ದೊಡ್ಡ ಗ್ರೈಂಡರನ್ನು ಗುಜರಿಗೆ ಹಾಕಲು ಯಾರೂ ಕದಿಯುವುದಿಲ್ಲ. ಅದು ಯಾರದೋ ಮನೆಯಲ್ಲಿ ಹಿಟ್ಟು ರುಬ್ಬುತ್ತಿರುತ್ತದೆ. ಹಿಟ್ಟು ರುಬ್ಬಿದ ಮೇಲೆ ಪ್ಯಾಕೆಟ್ಟಾಗಿ ಯಾವುದೋ ಅಂಗಡಿಗೆ ಬರಲೇಬೇಕು. ಹೊಸದಾಗಿ ಬಂದ ಹಿಟ್ಟು ಯಾವುದು ಎಂದು ಕೇಳಿಕೊಂಡು ಹೋದರಾಯಿತು.

ಬುಧವಾರದಿಂದ ಅವರು ಶಿವಮೊಗ್ಗದ ಕಿರಾಣಿ ಅಂಗಡಿಗಳನ್ನು ಸುತ್ತತೊಡಗಿದರು. ಬರೀ ಕೇಳಿದರೆ ಯಾವ ಅಂಗಡಿಯವನೂ ಬಾಯಿ ಬಿಡುವುದಿಲ್ಲವಾದ್ದರಿಂದ ಹೋದ ಕಡೆಯೆಲ್ಲ ಒಂದು ಪ್ಯಾಕೆಟ್ ಕೊಂಡರು. ಮನೆಯಲ್ಲಿ ಹೆಂಡತಿ ಜಗದಾಂಬಾ ಮೊದಲ ದಿನ ದೋಸೆ ಹೊಯ್ದರು, ಎರಡನೆಯ ದಿನ ಪಡ್ಡು ಮಾಡಿದರು. ಮೂರನೆಯ ದಿನ ಗಂಡನ ಕೈಚೀಲ ನೋಡಿ ಬಾಗಿಲಲ್ಲೇ ನಿಂತರು.

"ಇನ್ನೊಂದು ಪ್ಯಾಕೆಟ್ ಒಳಗೆ ಬಂದರೆ ನಿಮ್ಮನ್ನೇ ಹುಳಿ ಬರಿಸ್ತೀನಿ ನೋಡಿ," ಎಂದರು. "ಕಳ್ಳ ಸಿಗೋದರೊಳಗೆ ನನಗೆ ಗ್ಯಾಸ್ಟ್ರಿಕ್ ಬರುತ್ತೆ."

ಹುಳಿ ಬರಿಸುವ ಅಗತ್ಯ ಬೀಳಲಿಲ್ಲ. ಆ ಪ್ಯಾಕೆಟ್ ದುರ್ಗಿಗುಡಿಯ ಅಂಗಡಿಯದು. ಶಾಲೆಯ ಹಿಂದಿನ ಓಣಿಯಲ್ಲಿ ಭೂಮಿಕಾ ಅಂತ ಒಬ್ಬಳು ಹುಡುಗಿ ಹತ್ತು ದಿನದಿಂದ ಕೊಡ್ತಿದ್ದಾಳೆ, ಹಿಟ್ಟು ಚೆನ್ನಾಗಿದೆ, ಮನೆತುಂಬ ಕಂಪನಿಯಿಂದ ಯಂತ್ರ ಬಾಡಿಗೆಗೆ ತಗೊಂಡಿದ್ದಾಳಂತೆ ಎಂದು ಅಂಗಡಿಯವನು ತಾನಾಗಿ ಹೇಳಿದ್ದ.

ಭೂಮಿಕಾಗೆ ಇಪ್ಪತ್ತೈದು ಇರಬಹುದು. ಗಂಡ ಬೇಕರಿಯಲ್ಲಿ ಕೆಲಸ ಮಾಡುತ್ತಾನೆ. ಬಾಗಿಲು ತೆಗೆದವಳ ಮೊಣಕೈ ತನಕ ಹಿಟ್ಟು. ಓಂಕಾರಪ್ಪ ಸುಳ್ಳು ಹೇಳಲಿಲ್ಲ. ಕಳೆದುಹೋದ ಗ್ರೈಂಡರೊಂದನ್ನು ಹುಡುಕುತ್ತಿದ್ದೇನೆ, ನಿನ್ನದನ್ನೂ ಒಮ್ಮೆ ನೋಡಬಹುದಾ ಎಂದರು. ಇದು ಹೊಚ್ಚಹೊಸದು ಅಂಕಲ್, ಬೇಕಾದರೆ ನೋಡಿ ಎಂದು ಅವಳು ದಾರಿ ಬಿಟ್ಟಳು.

ಯಂತ್ರ ಹೊಳೆಯುತ್ತಿತ್ತು. ಬೆನ್ನಿನ ಮೇಲೆ ನಂಬರಿನ ತಗಡು. ಆ ನಂಬರಿಗೂ ಸಾವಿತ್ರಮ್ಮನ ಕರಾರಿನಲ್ಲಿದ್ದ ನಂಬರಿಗೂ ಸಂಬಂಧವೇ ಇರಲಿಲ್ಲ. ಆದರೆ ತಗಡಿಗೆ ಹೊಡೆದ ರಿವೆಟ್ಟುಗಳ ಸುತ್ತ ಬಣ್ಣ ಸೀಳಿತ್ತು. ಮೊದಲು ಬಣ್ಣ, ಆಮೇಲೆ ತಗಡು. ಓಂಕಾರಪ್ಪ ಬಗ್ಗಿ, ಸ್ಟ್ಯಾಂಡಿನ ಬಲಗಾಲನ್ನು ಉಗುರಿನಿಂದ ಮೆಲ್ಲನೆ ಕೆರೆದರು. ಬಣ್ಣದ ಅಡಿಯಲ್ಲಿ ದುಂಡಗೆ, ಬೂದಿಬಣ್ಣದ ಎರಡು ಮಚ್ಚೆ ಕಂಡವು.

ಅವರು ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಹೊಸದರ ಬಾಡಿಗೆ ಕಟ್ಟುತ್ತಿದ್ದೇನೆ, ಇದನ್ನೂ ಒಯ್ದುಬಿಟ್ಟರೆ ನಾನೇನು ಮಾಡಲಿ ಎಂದಳು. ನಿನ್ನದು ಹೋಗದ ಹಾಗೆ ನೋಡಿಕೊಳ್ಳೋಣ ಮಗಳೇ, ನಾಳೆ ಕಂಪನಿಯ ಮ್ಯಾನೇಜರಿಗೆ ಯಂತ್ರ ಶಬ್ದ ಮಾಡುತ್ತೆ ಅಂತ ಫೋನ್ ಮಾಡು ಎಂದರು ಓಂಕಾರಪ್ಪ.

"ಸುಳ್ಳು ಹೇಳಬೇಕಾ ಅಂಕಲ್?"

"ಶಬ್ದ ಮಾಡಲ್ವಾ?"

"ಮಾಡುತ್ತೆ," ಎಂದಳು ಭೂಮಿಕಾ, ಕಣ್ಣು ಒರೆಸಿಕೊಂಡು. "ಹೊಸದರದ್ದು ಹಾಗೇ ಇರುತ್ತೆ ಅಂದಿದ್ರು."

ಶನಿವಾರ ಮಧ್ಯಾಹ್ನ ಸಾವಿತ್ರಮ್ಮ, ಹೊನ್ನಯ್ಯ ಭದ್ರಾವತಿಯಿಂದ ಬಂದರು. ಹೊನ್ನಯ್ಯ ಬರುವುದಿಲ್ಲ ಎಂದಿದ್ದರಂತೆ, ಹೆಂಡತಿಯೇ ಒತ್ತಾಯ ಮಾಡಿ ಕರೆತಂದಿದ್ದರು. ಸಾವಿತ್ರಮ್ಮ ಒಳಗೆ ಕಾಲಿಟ್ಟವರೇ ಗ್ರೈಂಡರಿನ ಡ್ರಮ್ಮಿನ ಮೇಲೆ ಅಂಗೈ ಇಟ್ಟು ನಿಂತರು. ಹೊನ್ನಯ್ಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಓಣಿಯ ಕಡೆ ನೋಡತೊಡಗಿದರು. ಭೂಮಿಕಾ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಒಂದೇ ಯಂತ್ರದ ಇಬ್ಬರು ಬಾಡಿಗೆದಾರರು ಒಬ್ಬರನ್ನೊಬ್ಬರು ನೋಡಿ ಏನು ಮಾತಾಡುವುದೋ ತಿಳಿಯದೆ, ಉದ್ದಿನಬೇಳೆ ಎಷ್ಟು ಹೊತ್ತು ನೆನೆಸುತ್ತೀರಿ ಎಂಬ ಮಾತಿಗೆ ಇಳಿದರು.

ಮನೆತುಂಬ ಕಂಪನಿಯ ಮ್ಯಾನೇಜರ್ ಜ್ಞಾನೇಶ್ ಸ್ಕೂಟರಿನಲ್ಲಿ ಬಂದ. ಇಸ್ತ್ರಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸಣ್ಣ ಟೂಲ್ ಬ್ಯಾಗು. ಒಳಗೆ ಕೂತವರನ್ನು ಕಂಡು ಅರೆಗಳಿಗೆ ಹೊಸ್ತಿಲಲ್ಲೇ ನಿಂತ. ಆಮೇಲೆ ನಗುತ್ತ ಕೈಮುಗಿದ.

"ಏನಮ್ಮ, ನೀವು ಇಲ್ಲಿ?"

"ನನ್ನ ಗ್ರೈಂಡರ್ ಇಲ್ಲಿದೆ ಅಂದರು, ನೋಡಕ್ಕೆ ಬಂದೆ," ಎಂದರು ಸಾವಿತ್ರಮ್ಮ.

ಜ್ಞಾನೇಶ್ ಸಿಟ್ಟಾಗಲಿಲ್ಲ. ಯಂತ್ರವನ್ನು ತಿರುಗಿಸಿ ನಂಬರಿನ ತಗಡು ತೋರಿಸಿದ. ಕಾರ್ಖಾನೆಯಿಂದ ಕಳೆದ ತಿಂಗಳು ಬಂದ ಮಾಲು, ಮಾದರಿ ಒಂದೇ ಆದ್ದರಿಂದ ಎಲ್ಲ ಒಂದೇ ಥರ ಕಾಣುತ್ತವೆ ಎಂದ. ವಯಸ್ಸಾದವರಿಗೆ ಹೀಗಾಗುವುದು ಸಹಜ ಎಂದೂ ಸೇರಿಸಿದ.

ಓಂಕಾರಪ್ಪ ಚಾಕುವಿನ ತುದಿಯಿಂದ ಎಂ-ಸೀಲು ಕೆದಕಿ ತೆಗೆದರು. ಎರಡು ತೂತು ಬಾಯಿ ತೆರೆದವು.

"ಇವು ಕಂಪನಿಯವರದೇ ತೂತು ಸಾರ್," ಎಂದ ಜ್ಞಾನೇಶ್. "ಸ್ಟ್ಯಾಂಡ್ ಜೋಡಿಸುವಾಗ ಬೇಕಾಗುತ್ತೆ. ಆಮೇಲೆ ಮುಚ್ಚಿರ್ತಾರೆ."

"ಹಾಗಿದ್ದರೆ ಅದಕ್ಕೆ ನಿಮ್ಮ ಬೋಲ್ಟು ಹತ್ತಬೇಕಲ್ಲ. ಬ್ಯಾಗಿನಲ್ಲಿ ಇದ್ದರೆ ಹಾಕಿ ನೋಡಿ."

ಬ್ಯಾಗಿನಲ್ಲಿ ಬೇಕಾದಷ್ಟು ಬೋಲ್ಟುಗಳಿದ್ದವು. ಅಳತೆ ಸರಿಹೋಗುವಂಥದ್ದೊಂದನ್ನು ಆರಿಸಿ ಜ್ಞಾನೇಶ್ ತಿರುಗಿಸಿದ. ಅದು ತುದಿ ಕಚ್ಚಲಿಲ್ಲ. ಇನ್ನೊಂದನ್ನು ತೆಗೆದ. ಅದೂ ಜಾರಿತು. ಅವನ ಹಣೆಯ ವಿಭೂತಿ ಬೆವರಿಗೆ ಒದ್ದೆಯಾಯಿತು.

ಓಂಕಾರಪ್ಪ ಜೇಬಿನಿಂದ ಬೋಲ್ಟು ತೆಗೆದು ಹೊನ್ನಯ್ಯನ ಮುಂದೆ ಹಿಡಿದರು. ನಿಮ್ಮ ಕೈಯ ಕೆಲಸ, ನೀವೇ ಹಾಕಿ ಎಂದರು. ಹೊನ್ನಯ್ಯ ಕೈ ಚಾಚಲಿಲ್ಲ. ಬೇಡ ಎನ್ನುವಂತೆ ತಲೆಯಾಡಿಸಿದರು. ಓಂಕಾರಪ್ಪ ತಾವೇ ಕೂತು, ತೂತಿಗಿಟ್ಟು ಎಡಕ್ಕೆ ತಿರುಗಿಸಿದರು. ಬೆಣ್ಣೆಯಲ್ಲಿ ಬೆರಳು ಇಳಿದಂತೆ ಅದು ಕೊನೆಯ ತನಕ ಒಳಗೆ ಹೋಯಿತು.

ಮೊದಲು ಚೇತರಿಸಿಕೊಂಡವನು ಜ್ಞಾನೇಶನೇ.

"ಹಾಗಾದರೆ ಕಂಪನಿಯ ಯಂತ್ರಕ್ಕೆ ತೂತು ಕೊರೆದಿದ್ದು ನೀವು," ಎಂದ ಸಾವಿತ್ರಮ್ಮನ ಕಡೆ ತಿರುಗಿ. ದನಿ ಇನ್ನೂ ಮೆತ್ತಗೇ ಇತ್ತು. "ಕರಾರಿನಲ್ಲಿ ಏನು ಬರೆದಿದೆ ಅಂತ ನಿಮಗೆ ಓದಿ ಹೇಳಿ ಸೈನ್ ಹಾಕಿಸಿದ್ದೆ ಅಲ್ವಾ ಅಮ್ಮ? ಕೊರೆದ ದಿನವೇ ಕರಾರು ಮುಗೀತು. ಕೊರೆದಿದೀವಿ ಅಂತ ಬರೆದುಕೊಡ್ತೀರಾ?"

ಓಂಕಾರಪ್ಪ ಅಡ್ಡ ಬರಲು ಹೊರಟರು. ಸಾವಿತ್ರಮ್ಮ ಕೈಯೆತ್ತಿ ತಡೆದರು, ಎಡಗೈಯನ್ನೇ.

"ಬರೆದುಕೊಡ್ತೀನಪ್ಪ. ನಮ್ಮ ಯಜಮಾನರು ಕೊರೆದರು, ನಾನು ಒಂದೂವರೆ ವರ್ಷ ತುಳಿದೆ. ಅದರಲ್ಲೇ ದುಡಿದು ನಿನಗೆ ಬಾಡಿಗೆ ಕಟ್ಟಿದೆ. ಕರಾರು ಮುರಿದವಳು ಅನ್ನು, ಅನ್ನಿಸಿಕೊಳ್ತೀನಿ. ಮಾರಿಕೊಂಡವಳು ಅನ್ನಬೇಡ."

ಓಂಕಾರಪ್ಪನಿಗೆ ಬೇಕಾಗಿದ್ದೂ ಅದೇ ಮಾತು. ಅವರು ಟೂಲ್ ಬ್ಯಾಗಿನ ಪಕ್ಕ ಸ್ಟೂಲು ಹಾಕಿಕೊಂಡು, ಹುಡುಗನೊಬ್ಬನಿಗೆ ಪಾಠ ಹೇಳುವಷ್ಟು ಸಮಾಧಾನದಿಂದ ಹೇಳಿದರು:

"ಜ್ಞಾನೇಶ್, ಈಗ ನಿಮ್ಮ ಮುಂದೆ ಎರಡು ದಾರಿ ಇದೆ. ಇದು ಸಾವಿತ್ರಮ್ಮನ ಮನೆ ಯಂತ್ರ ಅಲ್ಲ ಅನ್ನಿ. ಆಗ ಅವರು ತೂತೂ ಕೊರೆದಿಲ್ಲ, ಕರಾರೂ ಮುರಿದಿಲ್ಲ. ಅಥವಾ ಅವರ ಮನೇದೇ ಅನ್ನಿ. ಆಗ ಯಂತ್ರ ನಿಮ್ಮ ಕೈಸೇರಿದೆ, ನೀವೇ ತಗಡು ಬದಲಾಯಿಸಿ ಈ ಹುಡುಗಿಗೆ ಕೊಟ್ಟಿದೀರಿ, ಅವರು ಮಾರಿದರು ಅಂತ ಪೊಲೀಸರಿಗೆ ಬರೆದ ದೂರು ಸುಳ್ಳು. ಯಾವುದು ಬೇಕೋ ತಗೊಳ್ಳಿ ಮಾರಾಯ್ರೇ. ಎರಡನ್ನೂ ಕಟ್ಟಿಕೊಡಕ್ಕಾಗಲ್ಲ."

ಜ್ಞಾನೇಶ್ ಒಮ್ಮೆ ತೂತು ನೋಡಿದ, ಒಮ್ಮೆ ತಗಡು ನೋಡಿದ.

"ನನಗೆ ಹೊಸ ಗ್ರೈಂಡರ್ ಅಂದ್ರಲ್ಲ ಸಾರ್," ಎಂದಳು ಭೂಮಿಕಾ ಗೋಡೆಗೊರಗಿ ನಿಂತಲ್ಲಿಂದ. "ಹೊಸ ಬಣ್ಣ ಅಂತ ಹೇಳಿದ್ದರೆ ಬಾಡಿಗೆಯಲ್ಲಿ ಸ್ವಲ್ಪ ಚೌಕಾಸಿ ಆದ್ರೂ ಮಾಡ್ತಿದ್ದೆ."

ಅವನು ನೀರು ಕೇಳಿ ಕುಡಿದ. ಚೊಂಬು ಕೆಳಗಿಡುವಷ್ಟರಲ್ಲಿ ಅವನ ಇಸ್ತ್ರಿ ಅಂಗಿಯ ಬಿಗಿ ಅರ್ಧ ಇಳಿದಿತ್ತು. ಸೋಮವಾರ ಬೆಳಿಗ್ಗೆ ತಾನೇ ಭದ್ರಾವತಿಗೆ ಹೋಗಿ ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದ. ಅದನ್ನು ಈಗಲೇ ಸುಮನಾ ಅವರಿಗೆ ಫೋನಿನಲ್ಲಿ ಹೇಳಿ ಎಂದರು ಓಂಕಾರಪ್ಪ. ಹೇಳಿದ. ಭೂಮಿಕಾಳ ಕೈಯಿಂದ ಯಂತ್ರ ಕಸಿಯುವುದಿಲ್ಲ, ಹಳೆಯ ಯಂತ್ರಕ್ಕೆ ತಕ್ಕ ಬಾಡಿಗೆ ಮಾತಾಡೋಣ ಎಂದೂ ಹೇಳಿದ. ಆ ಕಡೆಯಿಂದ ಸುಮನಾ ಕೇಳಿದ ಪ್ರಶ್ನೆಗಳಿಗೆ ಅವನ ಹೂಂ ಹೂಂ ಮಾತ್ರ ಕೇಳಿಸುತ್ತಿತ್ತು.

ಸಾವಿತ್ರಮ್ಮ ಗೋಡೆಗೆ ಒರಗಿ ಕಣ್ಣುಮುಚ್ಚಿದರು. ಹದಿನೈದು ದಿನದಿಂದ ಹೊತ್ತಿದ್ದದ್ದನ್ನು ಇಳಿಸಿದ ಮುಖ ಅದು.

ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಓಂಕಾರಪ್ಪನಿಗೆ ಒಂದು ಮಾತು ಉಳಿದಿತ್ತು. ಬೇರೆಯವರ ಮನೆಯಿಂದ ಸಾಮಾನು ಹೊರುವ ಕಷ್ಟ ಅವರಿಗೆ ಗೊತ್ತು. ಬೀದಿ ಸೇರುತ್ತದೆ, ಬಾಗಿಲು ಹಾಕುತ್ತಾರೆ, ಹೆಂಗಸರು ಅಡ್ಡ ಮಲಗುತ್ತಾರೆ. ಬಾಡಿಗೆ ಒಂದು ತಿಂಗಳೂ ತಪ್ಪದ ಮನೆಗೆ ನಿಮ್ಮ ಇಬ್ಬರು ಹುಡುಗರು ಅಷ್ಟು ಧೈರ್ಯವಾಗಿ ಹೇಗೆ ನುಗ್ಗಿದರು, ಯಾರೂ ತಡೆಯುವುದಿಲ್ಲ ಅಂತ ನಿಮಗೆ ಹೇಗೆ ಗೊತ್ತಿತ್ತು ಎಂದು ಕೇಳಿದರು.

ಜ್ಞಾನೇಶ್ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದವನು ನಿಂತ.

"ತಗಡು ಬದಲಾಯಿಸಿದ್ದು ತಪ್ಪು. ದೂರು ಕೊಟ್ಟಿದ್ದೂ ತಪ್ಪು. ಆದರೆ ನುಗ್ಗಿಲ್ಲ ಸಾರ್," ಎಂದ. "ಮನೆಯವರೇ ಕರೆದರು. ಅದಕ್ಕೇ ಹೋದ್ವಿ."

"ಯಾವ ಮನೆಯವರು?"

ಜ್ಞಾನೇಶನ ಕಣ್ಣು ಬಾಗಿಲ ಪಕ್ಕದ ಕುರ್ಚಿಯ ಮೇಲೆ ನಿಂತಿತು.

ಹೊನ್ನಯ್ಯ ಓಣಿಯಿಂದ ಮುಖ ತಿರುಗಿಸಿ, ಎಷ್ಟೋ ದಿನದ ಮೇಲೆ ಮೊದಲ ಸಲ ಹೆಂಡತಿಯನ್ನು ನೇರವಾಗಿ ನೋಡಿದರು.

"ಅವತ್ತು ಫೋನ್ ಬರಲಿಲ್ಲ ಸಾವಿತ್ರಿ," ಎಂದರು. "ಮಾಡಿದ್ದು ನಾನೇ."

"ಸರ್ವಿಸ್ಸಿಗೆ ಅಲ್ವಾ ರೀ?" ಎಂದರು ಸಾವಿತ್ರಮ್ಮ. ಉತ್ತರ ಗೊತ್ತಾಗಿಹೋದ ದನಿಯದು.

"ಅಲ್ಲ. ತಗೊಂಡು ಹೋಗಿಬಿಡಿ, ಮತ್ತೆ ಈ ಮನೆಗೆ ತರಬೇಡಿ ಅಂತ. ಪೆಡಲು ಹಾಕಿದ ಮೇಲೂ ನಿನ್ನ ಬಲಗೈ ಮೇಲೇಳಲಿಲ್ಲವಲ್ಲ."